ಪತ್ರೆಗಿಡದ ಗ್ಯಾಲರಿ

ಮೊಣಕಾಲು ಸೋತ ಮೇಲೆ ಶರಣಬಸಮ್ಮನವರ ಪಾಲಿಗೆ ಹೈದರಾಬಾದ್ ಅಂದರೆ ಬೇಗಂಪೇಟೆಯ ನಮ್ಮ ಗಲ್ಲಿ, ಗಲ್ಲಿ ಅಂದರೆ ಅವರ ಮಹಡಿಯ ಬಾಲ್ಕನಿಯಿಂದ ಕಂಡಷ್ಟು. ಅದನ್ನು ಅವರು ಗ್ಯಾಲರಿ ಅನ್ನುತ್ತಿದ್ದರು. ಕೆಳಮನೆಯ ಬಾಡಿಗೆಯವಳಾದ ನಾನು ಹಾಲಿಗೆ ಹೊರಟರೂ ಮೇಲಿನಿಂದ ಒಂದು ಪ್ರಶ್ನೆ ಬೀಳುತ್ತಿತ್ತು. ಒಮ್ಮೊಮ್ಮೆ ಸಿಟ್ಟು ಬರುತ್ತಿತ್ತು, ಸುಳ್ಳು ಯಾಕೆ ಹೇಳಲಿ. ಹಗ್ಗಕ್ಕೆ ಕಟ್ಟಿದ ಬುಟ್ಟಿಯನ್ನು ಅಲ್ಲಿಂದಲೇ ಇಳಿಬಿಟ್ಟು ತರಕಾರಿ ಕೊಳ್ಳುತ್ತಿದ್ದರು. ಚೌಕಾಸಿ ತೆಲುಗಿನಲ್ಲಿ, ಬೈಗುಳ ಕನ್ನಡದಲ್ಲಿ. ತರಕಾರಿಯವನಿಗೆ ಎರಡೂ ತಿಳಿಯುತ್ತಿತ್ತು, ಆದರೂ ದಿನಾ ಬರುತ್ತಿದ್ದ.

ಗ್ಯಾಲರಿ ಹಳೇ ಕಾಲದ್ದು. ಗೋಡೆಯಿಂದ ಹೊರಚಾಚಿದ ಮೂರು ಕಬ್ಬಿಣದ ತೊಲೆ, ಅವುಗಳ ಮೇಲೆ ಶಹಾಬಾದ್ ಫರಸಿ. ಕಲಬುರಗಿಯವರಾದ ಅವರಿಗೆ ತಮ್ಮ ಕಡೆಯ ಕಲ್ಲು ಎಂಬ ಜಂಬ ಬೇರೆ. ಒಂದು ಮೂಲೆಯಲ್ಲಿ, ಗೋಡೆಗೆ ಒತ್ತಿಕೊಂಡು, ಸಿಮೆಂಟಿನ ಕುಂಡದಲ್ಲಿ ಬಿಲ್ವಪತ್ರೆ ಗಿಡ. ದಿನಾ ಲಿಂಗಪೂಜೆ ಮುಗಿದ ಮೇಲೆ ಆ ನೀರನ್ನು ಅದಕ್ಕೇ ಸುರಿಯುವುದು. ಪೂಜೆಯ ನೀರು ಯಾರ ಕಾಲಿಗೂ ಸಿಗಬಾರದು. ಕುಂಡವನ್ನು ಅಂಗಳಕ್ಕೆ ಇಳಿಸೋಣ ಎಂದು ಗಂಡ ಅಮರೇಶಪ್ಪನವರು ಒಮ್ಮೆ ಅಂದಾಗ, ಮಂದಿ ತುಳಿದ ಪಾಪ ನೀವು ಹೊರುತ್ತೀರೇನು ಎಂದು ಬಾಯಿ ಮುಚ್ಚಿಸಿದ್ದರಂತೆ.

ಕಳೆದ ಮಳೆಗಾಲದ ಕೊನೆಗೆ ಗ್ಯಾಲರಿಯ ತಳದಿಂದ ಗಾರೆಯ ಹೆಂಟೆ ಕಳಚಿ ನನ್ನ ಬಾಗಿಲ ಮುಂದೆ ಬಿತ್ತು. ಪುಣ್ಯಕ್ಕೆ ಅಲ್ಲಿ ಯಾರೂ ಇರಲಿಲ್ಲ. ಅಮರೇಶಪ್ಪನವರು ಹೆದರಿ, ಮಣಿಕೊಂಡದಲ್ಲಿರುವ ಅಕ್ಕನ ಮಗ ಬಸವಕಿರಣನನ್ನು ಕರೆಸಿದರು. ಅವನು ಕಟ್ಟಡದ ಇಂಜಿನಿಯರ್. ಅವನು ಬರುವ ಮುಂಚೆಯೇ ಶರಣಬಸಮ್ಮನವರು ತೀರ್ಪು ಕೊಟ್ಟಾಗಿತ್ತು: ಗಾರೆ ಮೆತ್ತಿದರೆ ಸಾಕು, ಗ್ಯಾಲರಿ ಕೆಡವಬಾರದು. ಒಳಗೆ ಕೂತರೆ ಕ್ಯಾಲೆಂಡರ್ ಬಿಟ್ಟು ನೋಡಲು ಏನಿದೆ ಅಂದರು. ನನಗೂ ಹೌದೆನಿಸಿತು.

ಬಸವಕಿರಣ ಏಣಿ ಹತ್ತಿ ಸುತ್ತಿಗೆಯಿಂದ ತಳವನ್ನು ಬಡಿಯುತ್ತ ಬಂದ. ಎರಡು ತೊಲೆಗಳು ಖಣ್ ಅಂದವು. ಮೂಲೆಯ ಮೂರನೆಯದು ಗೋಡೆಯೊಳಗೆ ಹೋಗುವ ಕಡೆ ಸದ್ದೇ ಸತ್ತಿತ್ತು. ಸ್ಕ್ರೂಡ್ರೈವರ್ ಚುಚ್ಚಿದರೆ ಒಳಗೇ ಹೋಯಿತು, ತುಕ್ಕು ಹಪ್ಪಳದ ಹಾಗೆ ಉದುರಿತು. ಅವನು ಮೇಲೆ ಬಂದು, ಇನ್ನು ಅಲ್ಲಿ ಯಾರೂ ಕಾಲಿಡಬಾರದು, ಪೂರ್ತಿ ತೆಗೆಸಲೇಬೇಕು, ಹೊಸದನ್ನು ಹೊರಲು ಆ ಗೋಡೆಗೂ ಶಕ್ತಿಯಿಲ್ಲ ಅಂದ.

"ಎರಡು ಗಟ್ಟಿ ಅದಾವಲ್ಲ, ಅದೊಂದಕ್ಕ ಏನಾತು?"

"ಅಲ್ಲಿ ನೀರು ಇಳದೈತಿರಿ ಅತ್ತಿ. ಭಾಳ ವರ್ಷದಿಂದ."

ಅಮರೇಶಪ್ಪನವರು ಅವಸರದಿಂದ ನಡುವೆ ಬಾಯಿ ಹಾಕಿ, ಎಲ್ಲ ಮಳೆಯ ನೀರು ಅಂದರು.

"ಮಳಿ ಮೂರರ ಮ್ಯಾಲೂ ಬೀಳತೈತಿ," ಅಂದರು ಶರಣಬಸಮ್ಮನವರು. ಆಮೇಲೆ ಬಾಗಿಲಾಚೆಯ ಕುಂಡವನ್ನು ನೋಡಿದರು. "ನಾ ಹಾಕಿದ ನೀರು."

 

ಗ್ಯಾಲರಿ ಹೋಯಿತು. ಬಾಗಿಲಿದ್ದ ಕಡೆ ಇಟ್ಟಿಗೆ ಕಟ್ಟಿ ಕಿಟಕಿ ಇಟ್ಟರು. ಕುರ್ಚಿಯಲ್ಲಿ ಕೂತವರಿಗೆ ಅದರಲ್ಲಿ ಎದುರು ಮನೆಯ ನೀರಿನ ಟ್ಯಾಂಕ್ ಕಾಣುತ್ತದೆ, ಗಲ್ಲಿ ಕಾಣುವುದಿಲ್ಲ. ತರಕಾರಿಯವನು ಅಮ್ಮಾ ಎಂದು ಕೂಗಿ, ಕಾದು, ಮುಂದೆ ಹೋಗುತ್ತಾನೆ. ನಾನೇ ಕೊಂಡು ಮೇಲೆ ಒಯ್ಯುತ್ತೇನೆ. ಅವರು ಬೆಲೆ ಕೇಳುವುದಿಲ್ಲ, ಗಲ್ಲಿಯ ಸುದ್ದಿಯನ್ನೂ ಕೇಳುವುದಿಲ್ಲ. ಆ ಪ್ರಶ್ನೆಗಳಿಗೆ ಸಿಡುಕುತ್ತಿದ್ದ ನನಗೆ ಈಗ ಅವಿಲ್ಲದೆ ಮನೆಯಿಂದ ಹೊರಬೀಳುವುದೇ ಕಷ್ಟ.

ಪತ್ರೆಯ ಕುಂಡ ಕೊನೆಗೂ ಅಂಗಳಕ್ಕೆ ಇಳಿಯಿತು. ಪೂಜೆಯ ನೀರು ಕೊಡಿ, ಯಾರೂ ತುಳಿಯದ ಹಾಗೆ ಬುಡಕ್ಕೆ ಹಾಕುತ್ತೇನೆ ಎಂದು ಕೇಳಿ ನೋಡಿದೆ. ಬೇಡ ಎಂದು ತಲೆಯಾಡಿಸಿದರು. ಈಗ ಪೂಜೆ ಮುಗಿದ ಕೂಡಲೇ ಬಟ್ಟಲೆತ್ತಿ, ಒಂದು ಹನಿಯೂ ಉಳಿಯದಂತೆ, ಆ ನೀರನ್ನೆಲ್ಲ ತಾವೇ ಕುಡಿದುಬಿಡುತ್ತಾರೆ.