ಉತ್ತರಕ್ಕೆ ತಲೆ

ನಾನು ಹುಟ್ಟಾ ಮೊಂಡಿ. ಮಡಿ, ದಿಕ್ಕು, ಗಳಿಗೆ ಎಂದರೆ ನನ್ನ ಮುಂದೆ ಯಾರೂ ಬಾಯಿ ತೆಗೆಯುವಂತಿರಲಿಲ್ಲ. ಶಿರಹಟ್ಟಿಯಲ್ಲಿ ಗುಡಿಪೂಜೆಯ ಮನೆತನ ನಮ್ಮದು. ಆ ಮೊಂಡುತನಕ್ಕೆ ದಂಡ ತೆತ್ತವಳು ಮಾತ್ರ ನನ್ನ ಅಕ್ಕ.

ಅಕ್ಕ ಕನ್ನಡ ಶಾಲೆಯಲ್ಲಿ ಕಲಿಸುತ್ತಿದ್ದಳು. ಎಂಬತ್ತರ ದಶಕದ ಆರಂಭದಲ್ಲಿ ಅವಳಿಗೊಂದು ನೋವು ಗಂಟುಬಿತ್ತು. ಮಲಗಿದರೆ ಇಲ್ಲ, ಬೋರ್ಡಿನ ಮುಂದೆ ಹತ್ತು ನಿಮಿಷ ನಿಂತರೆ ಟೊಂಕದಿಂದ ಬಲಗಾಲಿನವರೆಗೂ ಉರಿ. ಕುರ್ಚಿ ಹಾಕಿಸಿಕೋ ಎಂದರೆ ಸಿಟ್ಟು. "ಕುಂತು ಕಲಿಸೋದು ಕಲಿಸೋದಲ್ಲ, ಬರೇ ಹಾಜರಿ ಕರಿಯೋದು" ಅನ್ನುತ್ತಿದ್ದಳು.

ಎಂಆರ್‌ಐ ಹೆಸರನ್ನೂ ಕೇಳದ ಕಾಲ. ಗದಗಿನ ಡಾಕ್ಟರು ಬೆನ್ನಿನ ನೀರಿಗೆ ಔಷಧ ಬಿಟ್ಟು ಎಕ್ಸ್‌ರೇ ತೆಗೆಯಬೇಕೆಂದರು. "ನೋಡ್ರಿ, ಬೆನ್ನೆಲುಬಿನೊಳಗ ನರ ಹಿಡಿದಿಟ್ಟ ನೀರಿನ ಚೀಲ ಐತಿ. ಆ ಚೀಲನ ಹಿಗ್ಗಿದ್ರ ಔಷಧ ಒಮ್ಮೆಲೇ ತುಂಬತೈತಿ. ಅದಕ್ಕ ನಾ ಕೈ ಹಚ್ಚಂಗಿಲ್ಲ. ಒಂದು ನರದ ಬುಡಕ್ಕ ಗುಳ್ಳಿ ಎದ್ದಿದ್ರ, ಅದರಾಗ ನಿಧಾನಕ ಇಳಿತೈತಿ. ಅದನ್ನ ಆಪರೇಶನ್ ಮಾಡಬಹುದು. ಅದಕ್ಕ ಈಗೊಂದು ಫೋಟೋ, ಸಂಜೀಕೊಂದು. ಅಲ್ಲೀತನಕ ತಲಿ ಮ್ಯಾಲ, ಟೊಂಕ ಕೆಳಗ ಇರಬೇಕು."

ಮೊದಲ ಫೋಟೋದಲ್ಲಿ ಚೀಲ ತುಸು ಅಗಲ ಕಂಡಿತು, ಗುಳ್ಳೆ ಕಾಣಲಿಲ್ಲ. ಇನ್ನು ಸಂಜೆಯದೇ ಗತಿ.

ನರ್ಸ್ ಮಂಚದ ತಲೆದೆಸೆಯ ಕಾಲುಗಳ ಕೆಳಗೆ ಇಟ್ಟಂಗಿ ಇಟ್ಟು ಅಕ್ಕನನ್ನು ಮಲಗಿಸಿ ಹೋದಳು. ನೋಡುತ್ತೇನೆ, ತಲೆ ಉತ್ತರಕ್ಕೆ!

"ಏಳಕ್ಕಾ, ಈ ಕಡೆ ತಲಿ ಹಾಕು."

"ಬ್ಯಾಡ ಬಿಡ, ಸಿಸ್ಟರ್ ಬೈತಾರ."

"ಉತ್ತರಕ್ಕ ತಲಿ ಹಾಕಿ ಮಲಗತಾರೇನ? ಸುಮ್ನ ಏಳು" ಎಂದು ಗದರಿಸಿ ತಿರುಗಿಸಿದೆ. ತಲೆ ಮೇಲಿರಬೇಕು ಅಂದಿದ್ದರಲ್ಲ, ಕೆಳಗೆ ಎರಡು ದಿಂಬು ಕೊಟ್ಟೆ. ಭಾರೀ ಶಾಣೆ ನಾನು! ಇಟ್ಟಂಗಿ ಈಗ ಕಾಲಿನ ಕಡೆ, ಮಂಚವೇ ತಲೆಯ ಕಡೆಗೆ ಇಳಿಜಾರು, ಔಷಧ ಟೊಂಕ ಬಿಟ್ಟು ಮಿದುಳಿನ ಕಡೆ ಹರಿಯುತ್ತದೆ ಎಂಬುದು ಹೊಳೆಯಲೇ ಇಲ್ಲ.

ಮಧ್ಯಾಹ್ನಕ್ಕೆ ವಾಂತಿ ಶುರುವಾಯಿತು, ಹಿಂದೆಯೇ ಫಿಟ್ಸ್. ಜೀವ ಉಳಿದದ್ದೇ ದೊಡ್ಡದು. ಸಂಜೆಯ ಫೋಟೋ ತೆಗೆಯಲಿಲ್ಲ. ಮತ್ತೊಮ್ಮೆ ಔಷಧ ಬಿಡಲು ಡಾಕ್ಟರೂ ಒಪ್ಪಲಿಲ್ಲ, ಮನೆಯವರೂ ಒಪ್ಪಲಿಲ್ಲ. ಚೀಲವೇ ಹಿಗ್ಗಿರಬೇಕೆಂದು ಬರೆದುಕೊಟ್ಟರು. ಅಕ್ಕ ಎರಡು ವರ್ಷ ಗೋಡೆ ಹಿಡಿದು ಕಲಿಸಿದಳು, ಆಮೇಲೆ ನೌಕರಿ ಬಿಟ್ಟಳು. ನಾನು ಅವಳೆದುರು ಎಷ್ಟು ಸಲ ಅತ್ತೆನೋ ಲೆಕ್ಕವಿಲ್ಲ. ಅವಳು ಒಮ್ಮೆಯೂ ಒಂದು ಮಾತು ಅನ್ನಲಿಲ್ಲ.

ಎಷ್ಟೋ ವರ್ಷಗಳ ಮೇಲೆ ಹುಬ್ಬಳ್ಳಿಯಲ್ಲಿ ಎಂಆರ್‌ಐ ಮಾಡಿಸಿದೆ. ಅಕ್ಕ ಹೊರಗೆ ಬೆಂಚಿನ ಮೇಲೆ ಮಲಗಿದ್ದಳು. ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದು ನನಗೆ ತೋರಿಸಿದರು. ಚೀಲ ಸರಿಯಾಗಿಯೇ ಇತ್ತು. ಅದರ ಪಕ್ಕದಲ್ಲಿ, ಒಂದೇ ನರದ ಬುಡಕ್ಕೆ, ದ್ರಾಕ್ಷಿಯಂಥ ಗುಳ್ಳೆ.

"ಆಗ ತಗದಿದ್ರ ಆರಾಮ ಆಗ್ತಿದ್ರು. ಈಗ ನರ ಪೂರಾ ಕೆಟ್ಟೈತ್ರಿ" ಎಂದರು.

ಹೊರಗೆ ಬಂದೆ. "ಏನಂದ್ರ?" ಎಂದಳು ಅಕ್ಕ.

"ಚೀಲನ ಹಿಗ್ಗೇತಂತ. ಆಗೂ ಏನೂ ಮಾಡಾಕ ಬರತಿರಲಿಲ್ಲಂತ."

ಅಕ್ಕ ಎದ್ದು ಕುಳಿತು ನನ್ನ ಕೈ ಹಿಡಿದುಕೊಂಡಳು. ಅಷ್ಟು ನಿರಾಳವಾದ ಅವಳ ಮುಖವನ್ನು ನಾನು ಎಷ್ಟೋ ವರ್ಷಗಳಿಂದ ನೋಡಿರಲಿಲ್ಲ.

"ನೋಡು, ನಿಂದೇನೂ ತಪ್ಪಿರಲಿಲ್ಲ. ಇನ್ನರ ಅಳೋದು ಬಿಡು" ಎಂದಳು.