ರಿಕ್ರೂಟರ್‌ನನ್ನು ದಾಟಿ ಹೋಗಬಾರದಂತೆ

ನನ್ನ ಗಂಡನ ಕೆಲಸ ಹೋದಾಗ ನಾವು ಡೆಟ್ರಾಯಿಟ್ ಪಕ್ಕದ ವೆಸ್ಟ್ ಬ್ಲೂಮ್‌ಫೀಲ್ಡ್‌ನಲ್ಲಿದ್ದೆವು. ಕಾರಿನ ಬಿಡಿಭಾಗಗಳನ್ನು ಗಡಗಡ ಅಲುಗಾಡಿಸಿ, ಅವು ಎಷ್ಟು ತಡೆದುಕೊಳ್ಳುತ್ತವೆ ಎಂದು ನೋಡುವ ಲ್ಯಾಬಿನಲ್ಲಿ ಅವರು ಇಂಜಿನಿಯರ್ ಆಗಿದ್ದರು. ನಮ್ಮ ವೀಸಾದ ನಿಯಮದಂತೆ ಅರವತ್ತು ದಿನದೊಳಗೆ ಇನ್ನೊಂದು ಕಂಪನಿ ಅವರ ಪರವಾಗಿ ಸರ್ಕಾರಕ್ಕೆ ಅರ್ಜಿ ಹಾಕಬೇಕಿತ್ತು. ಇಲ್ಲದಿದ್ದರೆ ಹನ್ನೊಂದನೇ ತರಗತಿಯ ಮಗಳನ್ನು ವರ್ಷದ ನಡುವೆ ಶಾಲೆಯಿಂದ ಬಿಡಿಸಿಕೊಂಡು ದೇಶ ಬಿಡಬೇಕು. ಇಂಥ ಹೊತ್ತಿನಲ್ಲಿ ಮನುಷ್ಯ ಏನು ಮಾಡಬೇಕು? ಕಂಡ ಕಂಡ ಕಂಪನಿಯ ಬಾಗಿಲು ತಟ್ಟಬೇಕು. ನನ್ನವರು ಹಾಗೆ ಮಾಡಲಿಲ್ಲ. ಕಂಪನಿಗಳಿಗೆ ಜನ ಹುಡುಕಿಕೊಟ್ಟು ಕಮಿಷನ್ ತೆಗೆದುಕೊಳ್ಳುವ, ನಮ್ಮವನೇ ಆದ ಒಬ್ಬ ರಿಕ್ರೂಟರ್‌ನನ್ನು ಊಟಕ್ಕೆ ಕರೆದರು.

ಆತ ಐದು ಗಂಟೆ ದಾರಿಯ ಸ್ಕೋಕಿ ಊರಿನವನು, ಮೂಲ ಹುಬ್ಬಳ್ಳಿ ಕಡೆ. ಕನ್ನಡ ಸಂಘದ ವಾಟ್ಸಾಪ್ ಗುಂಪಿನಲ್ಲಿ ಅವನನ್ನು ಹೊಗಳದವರಿಲ್ಲ. ಡೆಟ್ರಾಯಿಟ್‌ಗೆ ಬಂದಿದ್ದವನು ನಮ್ಮ ಮನೆಗೆ ಬಂದು ನಾಲ್ಕು ಹೋಳಿಗೆ ತಿಂದ. ಬಲಗೈಯಲ್ಲಿ ಹೋಳಿಗೆ ಮುರಿಯುತ್ತ, ಎಡಗೈ ಹೆಬ್ಬೆರಳಿನಿಂದ ಫೋನಿನಲ್ಲಿ ನನ್ನ ಗಂಡನ ಹದಿನೇಳು ವರ್ಷದ ದುಡಿಮೆಯನ್ನು ಓದಿದ. ಮೂರು ಪುಟದ ರೆಸ್ಯೂಮೆ. ಹೆಬ್ಬೆರಳು ಎರಡನೇ ಪುಟಕ್ಕೆ ಜಾರಲೇ ಇಲ್ಲ. ಇದು ನನಗೆ ಕಂಡಿತು. ಗಂಡಸರಿಗೆ ಇಂಥವು ಕಾಣುವುದಿಲ್ಲ.

"ವೈನಿ, ನಿಮ್ಮ ಕೈಯಾನ ಹೋಳಗಿ ಉಂಡೀನಂದ್ರ ನಾ ಈ ಮನಿ ಮಗನ ಆದೆ ನೋಡ್ರಿ. ಇವರಿಗೆ ನೌಕರಿ ಹಚ್ಚೋದು ಇನ್ನ ನನ್ನ ಜವಾಬ್ದಾರಿ," ಎಂದ. ತನ್ನ ಊರಿನ ಹತ್ತಿರದ ಓಕ್ ಬ್ರೂಕ್‌ನ ಪಂಪು ತಯಾರಿಸುವ ಕಂಪನಿಯೊಂದರ ಹೆಸರು ಹೇಳಿ, ಅಲ್ಲೊಂದು ಇಂಜಿನಿಯರ್ ಹುದ್ದೆ ಖಾಲಿಯಿದೆ ಎಂದ. "ಆದ್ರ ಒಂದ್ ಮಾತು. ಕಂಪನಿಯವ್ರಿಗೆ ನೀವ್ ಡೈರೆಕ್ಟ್ ಫೋನ್ ಹಚ್ಚಬ್ಯಾಡ್ರಿ. ಎಲ್ಲಾ ಕೆಟ್ಟ್ ಹೋಗ್ತದ."

"ಛೆ ಛೆ, ನಿಮ್ಮನ್ನ ದಾಟ್ಕೊಂಡು ಹೋಗೋದುಂಟಾ?" ಎಂದರು ನನ್ನವರು. ಮೈಸೂರಿನ ವಿನಯ. 'ಈ ಹುದ್ದೆಗೆ ನನ್ನ ಪರವಾಗಿ ನೀವೊಬ್ಬರೇ' ಎಂಬ ಈಮೇಲನ್ನು ಆತ ಕೈ ತೊಳೆದು ಬರುವುದರೊಳಗೆ ಕಳಿಸಿಯೂ ಆಯಿತು.

ಆಮೇಲೆ ಮೂರು ವಾರ ಕಾದೆವು. ನನ್ನ ಗಂಡ ದಿನಾ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಲೈಬ್ರರಿಗೆ ಹೋಗುತ್ತಿದ್ದರು, ಬಡಾವಣೆಯ ಕನ್ನಡದವರಿಗೆ ಕೆಲಸ ಹೋದ ವಿಷಯ ಗೊತ್ತಾಗದಿರಲಿ ಎಂದು. ಬೇರೆ ಜಾಗಗಳಿಗೂ ಅರ್ಜಿ ಹಾಕಿದರು, ಆದರೆ ಎಡಗೈಯಲ್ಲಿ ಹಾಕಿದ ಹಾಗೆ. ಮನಸ್ಸೆಲ್ಲ ಓಕ್ ಬ್ರೂಕ್‌ನಲ್ಲಿತ್ತು. ಸಂಜೆ ಸ್ಪೀಕರ್ ಹಾಕಿ ರಿಕ್ರೂಟರ್‌ಗೆ ಫೋನ್ ಮಾಡಿದರೆ ಒಂದೇ ಉತ್ತರ: "ರೆಸ್ಯೂಮೆ ಒಳಗ ಹೋಗೇದ್ರಿ. ಮ್ಯಾನೇಜರ್ ನೋಡ್ಲಿಕ್ಕತ್ತಾರ." ಅವನ ಮಾತಿನ ಹಿಂದೆ ಯಾವಾಗಲೂ ಕಾರಿನ ಇಂಡಿಕೇಟರ್ ಟಿಕ್ ಟಿಕ್ ಎನ್ನುತ್ತಿತ್ತು. ಆ ಮನುಷ್ಯ ಆಫೀಸಿನಲ್ಲಿ ಕೂತಿದ್ದನ್ನು ನಾನು ಒಂದು ದಿನವೂ ಕೇಳಲಿಲ್ಲ. ಒಮ್ಮೆಯಂತೂ "ಈಗ ಆ ಮ್ಯಾನೇಜರ್ ಜೊತಿಗೇ ಕುಂತೀನ್ರಿ" ಎಂದ. ಅದೇ ಗಳಿಗೆಯಲ್ಲಿ ಹೆಣ್ಣುದನಿಯೊಂದು ಅವನಿಗೆ ಯಾವ ಸಾಸ್ ಬೇಕು ಎಂದು ಕೇಳಿತು. ಮ್ಯಾನೇಜರ್ ಬಹಳ ಉಪಚಾರದವರೇ ಇರಬೇಕು.

"ಡ್ಯಾಡ್, ಜಸ್ಟ್ ಕಾಲ್ ದೆಮ್," ಎಂದಳು ಮಗಳು, ಹೋಮ್‌ವರ್ಕಿನಿಂದ ತಲೆಯೆತ್ತದೆ.

"ಹಾಗೆಲ್ಲ ಮಾಡೋಕಾಗಲ್ಲ ಪುಟ್ಟಿ. ಪಾಪ, ನಮಗೋಸ್ಕರ ಎಷ್ಟು ಓಡಾಡ್ತಿದಾರೆ."

"ಓಡಾಡ್ತಿರೋದು ನಿಜ. ನಂಗೂ ಕೇಳಿಸ್ತಿದೆ," ಎಂದೆ ನಾನು.

ಕೆಲಸ ಹೋದ ಇಪ್ಪತ್ತಾರನೇ ದಿನ ಬೆಳಿಗ್ಗೆ ಅವರು ಲೈಬ್ರರಿಗೆ ಹೋದ ಮೇಲೆ ನಾನೇ ಆ ಕಂಪನಿಗೆ ಫೋನ್ ಮಾಡಿದೆ. ಕಾನ್ವೆಂಟಿನಲ್ಲಿ ಸಿಸ್ಟರ್ ನಮಗೆ ಒಂದು ಪಾಠ ಕಲಿಸಿದ್ದರು: ಬಂದ ಕೆಲಸವನ್ನು ಒಂದು ವಾಕ್ಯದಲ್ಲಿ ಹೇಳು, ಆಮೇಲೆ ಬಾಯಿ ಮುಚ್ಚಿಕೊಂಡಿರು. ಹಾಗೇ ಮಾಡಿದೆ. ನೇಮಕಾತಿ ವಿಭಾಗದ ಹೆಂಗಸು ಕಂಪ್ಯೂಟರ್‌ನಲ್ಲಿ ಹುಡುಕಿದಳು; ಕೀಲಿ ಒತ್ತುವ ಸದ್ದು ಕೇಳುತ್ತಿತ್ತು. ಆ ಹೆಸರಿನವರ ರೆಸ್ಯೂಮೆ ಯಾರಿಂದಲೂ ಬಂದಿಲ್ಲ. ಆ ಹುದ್ದೆಯನ್ನು ಯಾವ ಏಜೆನ್ಸಿಗೂ ಒಪ್ಪಿಸಿಲ್ಲ. ಅದು ಅವರ ವೆಬ್‌ಸೈಟಿನಲ್ಲೇ ಇದೆ. ನಿಮ್ಮ ಯಜಮಾನರು ಇಷ್ಟು ದಿನ ಏಕೆ ಅರ್ಜಿ ಹಾಕಲಿಲ್ಲ, ಎಂದು ಕೇಳಿದಳು. ಹೋಳಿಗೆಯ ದಾಕ್ಷಿಣ್ಯ ಎಂದು ಇಂಗ್ಲಿಷಿನಲ್ಲಿ ಹೇಳುವುದನ್ನು ಸಿಸ್ಟರ್ ಕಲಿಸಿರಲಿಲ್ಲ.

ಅಂದೇ ಮಧ್ಯಾಹ್ನ, ಆಕೆ ಹೇಳಿದ್ದನ್ನೆಲ್ಲ ತಿಳಿಸಿ, ನನ್ನವರಿಂದ ಅರ್ಜಿ ಹಾಕಿಸಿದೆ. ಎರಡು ದಿನದಲ್ಲಿ ಉತ್ತರ ಬಂತು: ಮುಂದಿನ ಶುಕ್ರವಾರ ಫೋನಿನಲ್ಲಿ ಸಂದರ್ಶನ. ಬಹಳ ದಿನಗಳ ಮೇಲೆ ಮನೆಯಲ್ಲಿ ಕುಕ್ಕರಿನ ಶಿಳ್ಳೆಯೂ ಸಂತೋಷದಿಂದ ಕೂಗಿದಂತೆ ಕೇಳಿಸಿತು.

ಗುರುವಾರ ನನ್ನ ಗಂಡ ಏನು ಮಾಡಿದರು ಗೊತ್ತೆ? ರಿಕ್ರೂಟರ್‌ಗೆ ಫೋನ್ ಮಾಡಿ ಕ್ಷಮೆ ಕೇಳಿದರು. "ಬೇಜಾರ್ ಮಾಡ್ಕೋಬೇಡಿ ಸರ್, ಡೈರೆಕ್ಟಾಗಿ ಅಪ್ಲೈ ಮಾಡಿಬಿಟ್ಟಿದೀನಿ. ನಾಳೆ ಇಂಟರ್‌ವ್ಯೂ. ನಿಮಗೆ ಹೇಳ್ದೆ ಇದ್ರೆ ಚೆನ್ನಾಗಿರಲ್ಲ ಅನ್ನಿಸ್ತು."

ನಾಲ್ಕು ವಾರದಲ್ಲಿ ಆಗದ ಕೆಲಸವನ್ನು ಆತ ಒಂದು ಗಂಟೆಯಲ್ಲಿ ಮಾಡಿದ. ರೆಸ್ಯೂಮೆಯನ್ನು ಮೊದಲ ಬಾರಿಗೆ ಕಂಪನಿಗೆ ಕಳಿಸಿದ. ಜೊತೆಗೆ 'ನೀವೊಬ್ಬರೇ' ಎಂಬ ಈಮೇಲನ್ನೂ ಲಗತ್ತಿಸಿ, ಈ ಅಭ್ಯರ್ಥಿ ನನ್ನ ಕಡೆಯವರು, ಕೆಲಸ ಕೊಟ್ಟರೆ ಕಮಿಷನ್ ನನ್ನದು ಎಂದು ಬರೆದ. ಕಂಪನಿಯವರು ಗಾಬರಿಯಾಗಿ ಸಂದರ್ಶನ ನಿಲ್ಲಿಸಿದರು. ನೀವು ಯಾರ ಮೂಲಕ ಬಂದವರೆಂದು ಇತ್ಯರ್ಥವಾಗುವವರೆಗೆ ಮುಂದುವರಿಯಲಾರೆವು ಎಂದರು. ನನ್ನ ಗಂಡ ಸೋಫಾದಲ್ಲಿ ಕೂತು ಆ ಸಾಲನ್ನು ಮತ್ತೆ ಮತ್ತೆ ಓದಿದರು. ಇಸ್ತ್ರಿ ಶರ್ಟು ಅಂದೂ ಹಾಕಿಕೊಂಡಿದ್ದರು. ಮೂವತ್ತೈದು ದಿನ ಕಳೆದಿತ್ತು.

ಅವರ ಫೋನ್ ತೆಗೆದುಕೊಂಡು ನಾನು ಆತನಿಗೆ ಕರೆ ಮಾಡಿದೆ.

"ವೈನಿ, ಮನಿ ಮಗನಂಗ ಓಡಾಡೀನ್ರಿ ನಾ. ಬೆನ್ನಿಗೆ ಚೂರಿ ಹಾಕಿಬಿಟ್ರಲ್ಲ!"

"ನಾಲ್ಕು ವಾರದ ಹಿಂದೆನೇ ರೆಸ್ಯೂಮೆ ಕಳ್ಸಿದ್ರಲ್ವಾ, ಆ ಮೇಲ್ ನಮಗೆ ಫಾರ್ವರ್ಡ್ ಮಾಡಿಬಿಡಿ, ಸಾಕು," ಎಂದೆ.

ಟಿಕ್ ಟಿಕ್ ಟಿಕ್. "ಅದು... ಮೇಲ್ ಅಲ್ರಿ, ಸಿಸ್ಟಮ್ಮಿನ್ಯಾಗ ಹಾಕಿದ್ದೆ."

"ಹಾಗಾದ್ರೆ ಸಿಸ್ಟಮ್ಮೇ ತೋರಿಸಿ. ನಾಳೆ ನಾನೇ ಸ್ಕೋಕಿಗೆ ಬರ್ತೀನಿ. ಐದು ಗಂಟೆ ಡ್ರೈವ್ ತಾನೆ? ನಿಮ್ಮ ಮನೆಯವರನ್ನೂ ನೋಡಿದ ಹಾಗಾಗತ್ತೆ."

"ಬರಬ್ಯಾಡ್ರಿ!" ಎಂದ, ನನ್ನ ಮಾತು ಮುಗಿಯುವ ಮೊದಲೇ. "ಏನ್ ಬೇಕ್ರಿ ನಿಮಗ?"

"ಕಾರು ಪಕ್ಕಕ್ಕೆ ನಿಲ್ಲಿಸಿ. ಬರ್ಕೊಳ್ಳಿ."

ಈ ಅಭ್ಯರ್ಥಿಯ ಮೇಲೆ ನನಗೆ ಯಾವ ಹಕ್ಕೂ ಇಲ್ಲ ಎಂಬ ಒಂದೇ ವಾಕ್ಯವನ್ನು ಇಂಗ್ಲಿಷಿನಲ್ಲಿ ಹೇಳಿ ಬರೆಸಿದೆ. ಅಲ್ಪವಿರಾಮಗಳನ್ನೂ ಬಿಡಲಿಲ್ಲ. ಎರಡು ಸಲ ಓದಿಸಿ, ಕಂಪನಿಗೆ ಕಳಿಸಿ ನಮಗೂ ಒಂದು ಪ್ರತಿ ಹಾಕಲು ಹೇಳಿದೆ. ಅದು ಬಂದ ಮೇಲೇ ಫೋನ್ ಇಟ್ಟದ್ದು.

ಮುಂದಿನ ವಾರ ಸಂದರ್ಶನ ನಡೆಯಿತು. ನಲವತ್ತಮೂರನೇ ದಿನ ಕೆಲಸ ಸಿಕ್ಕಿತು. ಐವತ್ತಾರನೇ ದಿನ ಕಂಪನಿಯ ವಕೀಲರು ವೀಸಾ ಅರ್ಜಿ ಹಾಕಿದರು. ಮಗಳು ಆ ವರ್ಷವನ್ನು ತನ್ನ ಶಾಲೆಯಲ್ಲೇ ಮುಗಿಸಿದಳು. ಆಮೇಲೆ ನಾವಿಬ್ಬರೂ ಅವರ ಹಿಂದೆ ಓಕ್ ಬ್ರೂಕ್ ಕಡೆಗೆ ಬಂದೆವು.

ಅಷ್ಟರಲ್ಲಿ ಸಂಘದ ಗುಂಪಿನಲ್ಲಿ ಆತ ಬರೆದಿದ್ದ: 'ಮತ್ತೊಬ್ಬ ಕನ್ನಡಿಗನಿಗೆ ಒಳ್ಳೆಯ ಕೆಲಸ. ಸೇವೆ ಮಾಡುವ ಭಾಗ್ಯ ನನ್ನದು.' ಕೆಳಗೆ ಸಾಲುಸಾಲಾಗಿ ಮುಗಿದ ಕೈಗಳು. ಅವುಗಳ ನಡುವೆ ನನ್ನ ಗಂಡನವೂ ಎರಡು.

"ಇರಲಿ ಬಿಡೇ. ಕಂಪನಿ ಹೆಸರು ಹೇಳಿದ್ದು ಅವರೇ ತಾನೆ?" ಎಂದರು, ನಾನು ಕೇಳಿದಾಗ.

ಕಳೆದ ಯುಗಾದಿಯ ಊಟದಲ್ಲಿ ಒಬ್ಬ ಹುಡುಗಿ ತಟ್ಟೆ ಹಿಡಿದು ನನ್ನ ಪಕ್ಕ ಬಂದು ಕೂತಳು. ಅವಳ ಗಂಡನಿಗೂ ಲೇಆಫ್ ಆಗಿತ್ತು. ಆ ರಿಕ್ರೂಟರ್‌ನ ನಂಬರ್ ಬೇಕಿತ್ತು. ನಾನು ನಡೆದದ್ದೆಲ್ಲ ಹೇಳಿ, "ಕಂಪನಿಗೆ ನೀವೇ ಫೋನ್ ಮಾಡಿ. ಮಾಡಿದ್ಮೇಲೆ ಯಾರಿಗೂ ಹೇಳೋಕೆ ಹೋಗ್ಬೇಡಿ," ಎಂದೆ.

ಅವಳು ಕೋಸಂಬರಿಯಿಂದ ಮೆಣಸಿನಕಾಯಿ ಚೂರು ಆರಿಸಿ ತಟ್ಟೆಯಂಚಿಗಿಟ್ಟಳು. "ಅದು ಸ್ವಲ್ಪ ಚೆನ್ನಾಗಿರಲ್ಲ ಅಲ್ವಾ ಆಂಟಿ? ಎಷ್ಟಂದ್ರೂ ನಮ್ಮವರು."

ಎದ್ದು ಹೋಗಿ ಸಾಲಿನ ಆ ತುದಿಯಲ್ಲಿದ್ದ ನನ್ನ ಗಂಡನನ್ನು ಕೇಳಿದಳು. ಅವರು ಕೈ ಒರೆಸಿಕೊಂಡು, ಫೋನ್ ತೆಗೆದು, ಅಂಕಿ ಅಂಕಿಯಾಗಿ ನಂಬರ್ ಹೇಳಿದರು.