ಬೆಳಿಗ್ಗೆ ಅಡ್ಡ, ಮಧ್ಯಾಹ್ನ ಉದ್ದ

ಮಳವಳ್ಳಿಯ ಸ್ಕೂಲಿನಲ್ಲಿ ಸಂಸ್ಕೃತ ಕಲಿಸುತ್ತಿದ್ದ ಯೋಗಾನರಸಿಂಹ ಮೇಷ್ಟ್ರಿಗೆ ಕನ್ನಡಿ ಇಲ್ಲದೆ ನಾಮ ಇಟ್ಟುಕೊಳ್ಳಲು ಬರುತ್ತಿರಲಿಲ್ಲ. ಇಟ್ಟರೆ ಅದು ಎಡಹುಬ್ಬಿನ ಕಡೆಗೆ ವಾಲಿಕೊಂಡು ನಿಲ್ಲುತ್ತಿತ್ತು. ಚಿಕ್ಕಂದಿನಲ್ಲಿ ದೊಡ್ಡಮ್ಮ ತಿರುಮಲಮ್ಮನವರು ಸೆರಗಿನ ತುದಿ ಒದ್ದೆ ಮಾಡಿಕೊಂಡು ಅದನ್ನು ದಿನವೂ ನೆಟ್ಟಗೆ ಮಾಡುತ್ತಿದ್ದರು. ತಾಯಿ ಹೋದ ಮೇಲೆ ಮೇಷ್ಟ್ರನ್ನೂ ಅವರ ಅಣ್ಣ ಶ್ಯಾಮಣ್ಣನನ್ನೂ ಸಾಕಿದವರು ಆಕೆಯೇ.

ಮೇಷ್ಟ್ರು ಸ್ವಭಾವತಃ ಅಂಜುಬುರುಕರು. ಬಸ್ಸು ಸ್ಟ್ಯಾಂಡಿಗೆ ಬಂದು ನಿಂತಿದ್ದರೂ ತಪ್ಪಿಹೋಯಿತೇನೋ ಎಂದು ಬೆವರುವ ಪೈಕಿ. ಆದರೆ ದೊಡ್ಡಮ್ಮನ ವಿಷಯದಲ್ಲಿ ಅವರ ಅಂಜಿಕೆಗೆ ಕಾರಣವಿತ್ತು. ದೊಡ್ಡಮ್ಮ ಮೊದಲು ಇದ್ದದ್ದು ಮಂಡ್ಯದಲ್ಲಿ, ಶ್ಯಾಮಣ್ಣನ ಮನೆಯಲ್ಲಿ. ಒಂದು ಶಿವರಾತ್ರಿ ಶ್ಯಾಮಣ್ಣ ಆಫೀಸಿನ ಸ್ನೇಹಿತರ ಮನೆಗೆ ಪೂಜೆಗೆ ಹೋಗಿ, ಹಣೆಗೆ ಅಚ್ಚುಕಟ್ಟಾಗಿ ವಿಭೂತಿ ಬಳಿದುಕೊಂಡು ವಾಪಸ್ಸು ಬಂದ. ದೊಡ್ಡಮ್ಮ ಬೆಳಿಗ್ಗೆ ಎದ್ದು ಟ್ರಂಕನ್ನು ಬಸ್ಸಿಗೆ ಹಾಕಿಸಿ ಮಳವಳ್ಳಿಗೆ ಬಂದುಬಿಟ್ಟರು. ಅಲ್ಲಿಂದೀಚೆಗೆ ಆ ಮನೆಯಲ್ಲಿ ತೊಟ್ಟು ನೀರು ಮುಟ್ಟಿಲ್ಲ. ಶ್ಯಾಮಣ್ಣ ಹಬ್ಬಕ್ಕೆ ಬಂದರೆ ನಗುತ್ತಲೇ ಮಾತಾಡಿಸುತ್ತಿದ್ದರು, ಮಕ್ಕಳ ಓದು ವಿಚಾರಿಸುತ್ತಿದ್ದರು. ಅವನು ಪೂಜೆ ಮುಗಿಸಿ ತೀರ್ಥ ಕೊಡಲು ಬಂದಾಗ ಮಾತ್ರ ಅವರಿಗೆ ಹಿತ್ತಲಲ್ಲಿ ಏನೋ ಕೆಲಸ ನೆನಪಾಗುತ್ತಿತ್ತು. ಜಗಳವಾಡಿದ್ದರೆ ರಾಜಿ ಮಾಡಿಸಬಹುದಿತ್ತು. ಹಿತ್ತಲ ಕೆಲಸಕ್ಕೆ ಯಾರು ರಾಜಿ ಮಾಡಿಸುತ್ತಾರೆ?

ಹೀಗಿರುವಾಗ ಕಾವೇರಿ ದಡದ ಬ್ಲಫ್ ಎಂಬ ಊರಿನ ಪವರ್ ಹೌಸಿನಲ್ಲಿ ಕೆಲಸಕ್ಕಿದ್ದ ಹೊನ್ನಯ್ಯ ಒಂದು ಶನಿವಾರ ಸಂಜೆ ಸ್ಕೂಲಿನ ಗೇಟಿನ ಹತ್ತಿರ ಮೇಷ್ಟ್ರನ್ನು ಹಿಡಿದ. ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಓದಿದವರು.

"ನಮ್ ಕಾವೇರಿ ದಡದಾಗೆ ಸಿನಿಮಾ ತೆಗೀತಾವ್ರೆ ಮೇಷ್ಟ್ರೇ. ರುಷಿಗಳು ಕಮ್ಮಿ ಬಿದ್ದವ್ರಂತೆ. ಜುಟ್ಟು ಇರೋರೇ ಬೇಕಂತೆ. ಬ್ಲಫ್‌ನಾಗೆ ಎಲ್ಲಿ ಉಡುಕುದ್ರೂ ಬರೀ ಕ್ರಾಪೇಯ."

"ನನಗೆ ನಾಟಕ ಗೀಟಕ ಬರಲ್ಲಪ್ಪ."

"ನಾಟ್ಕ ಯಾಕ್ ಬರ್ಬೇಕು? ಕಣ್ ಮುಚ್ಕೊಂಡು ಮಂತ್ರ ಏಳೋದು. ನೀವು ದಿನಾ ಮಾಡೋದೇಯ. ಅಲ್ಲೊಂದು ಕ್ಯಾಮರಾ ಇರ್ತದೆ, ಅಷ್ಟೇಯ."

ಋಷಿಗಳೆಂದರೆ ಯಾವ ದೇವರ ಋಷಿಗಳು ಎಂದು ಕೇಳಬೇಕೆಂದು ಮೇಷ್ಟ್ರಿಗೆ ಹೊಳೆಯಲಿಲ್ಲ. ಹೊನ್ನಯ್ಯನ ಮನೆಯಲ್ಲಿ ಸತ್ಯನಾರಾಯಣ ಪೂಜೆ ಎಂದು ಹೇಳಿ ಮಾರನೆಯ ದಿನ ಬೆಳಿಗ್ಗೆ ಹೊರಟರು. ಬ್ಲಫ್‌ಗೆ ಹೋಗುವವನು ಮನೆಯಲ್ಲಿ ಬ್ಲಫ್ ಹೊಡೆದೇ ಹೊರಟ ಹಾಗಾಯಿತು.

ಅಲ್ಲಿ ನೋಡಿದರೆ ಶಿವಾಶ್ರಮ. ರಟ್ಟಿನ ನಂದಿ, ಬಣ್ಣ ಬಳಿದ ಲಿಂಗ. ಮೇಷ್ಟ್ರು ಬಾಯಿ ತೆಗೆಯುವುದರೊಳಗೆ ಮದ್ರಾಸಿನ ಮೇಕಪ್ಪಿನವನು ಅವರ ನಾಮ ಒರೆಸಿ, ಪಟ್ಟಿ ಹಿಡಿದು ಗೆರೆ ಎಳೆದ ಹಾಗೆ ಮೂರು ಎಳೆ ವಿಭೂತಿ ಬಳಿದು, ಮುಂದಿನ ಋಷಿಯ ಕಡೆ ತಿರುಗಿಯೂ ಆಗಿತ್ತು. ಬೇಡ ಎನ್ನುವುದು ಮೇಷ್ಟ್ರಿಗೆ ಯಾವ ಭಾಷೆಯಲ್ಲೂ ಬರುತ್ತಿರಲಿಲ್ಲ. ಹೋಗಿ ಸಾಲಿನಲ್ಲಿ ಕೂತರು. ಬೆಳಗಿನಿಂದ ಮಧ್ಯಾಹ್ನದವರೆಗೆ ಒಂದೇ ಸ್ತೋತ್ರವನ್ನು ಮತ್ತೆ ಮತ್ತೆ ಹೇಳಿಸಿದರು.

ಊಟಕ್ಕೆ ಬಿಟ್ಟರು. ಮೇಷ್ಟ್ರು ಮನೆಯಿಂದ ತಂದಿದ್ದ ಮೊಸರನ್ನದ ಡಬ್ಬಿ ಹಿಡಿದು ದೂರದ ಬಂಡೆಯ ಹಿಂದೆ ಹೋದರು. ಊಟಕ್ಕೆ ಮುಂಚೆ ಕೈಕಾಲು ಮುಖ ತೊಳೆದು ನಾಮ ಇಟ್ಟುಕೊಳ್ಳುವುದು ಉಪನಯನವಾದಂದಿನಿಂದ ಬಂದ ಅಭ್ಯಾಸ. ಚೀಲದಲ್ಲಿ ನಾಮಕ್ಕೆ ಬೇಕಾದ ತಿರುಮಣ್ಣಿನ ಉಂಡೆ ಸದಾ ಇರುತ್ತಿತ್ತು. ಹೊಳೆಯಲ್ಲಿ ಮುಖ ತೊಳೆದದ್ದೇ ಕೈ ತಾನಾಗಿಯೇ ಹಣೆಗೆ ಹೋಯಿತು. ಕನ್ನಡಿ ಇರಲಿಲ್ಲ; ಓಡುವ ನೀರಿನಲ್ಲಿ ನೋಡಿಕೊಂಡು ನಾಮ ಇಟ್ಟರು, ಉಂಡರು. ಕೊನೆಯ ತುತ್ತು ಬಾಯಲ್ಲಿರುವಾಗಲೇ ಸೀಟಿ ಕೇಳಿಸಿತು. ಓಡಿಬಂದು ಮತ್ತೆ ಸಾಲಿನಲ್ಲಿ ಕೂತು ಅದೇ ಸ್ತೋತ್ರ ಹೇಳಿದರು. ಬೆಳಕು ಹೋಗುತ್ತಿದೆ ಎಂಬ ಗಡಿಬಿಡಿಯಲ್ಲಿ ಋಷಿಗಳ ಹಣೆ ನೋಡುವ ವ್ಯವಧಾನ ಯಾರಿಗೂ ಇರಲಿಲ್ಲ.

ವಾಪಸ್ಸು ಬರುವಾಗ ಬಸ್ಸಿನಲ್ಲಿ ಹೊನ್ನಯ್ಯ ಅವರ ಮುಖವನ್ನೇ ದಿಟ್ಟಿಸಿದ.

"ಅಲ್ಲ ಮೇಷ್ಟ್ರೇ, ಬೆಳಿಗ್ಗೆ ಅಡ್ಡ ಇತ್ತು. ಈಗ ಉದ್ದ ಅದೆ."

ಮೇಷ್ಟ್ರು ಹಣೆ ಮುಟ್ಟಿ ನೋಡಿಕೊಂಡರು. "ಸಿನಿಮಾದಲ್ಲಿ ಗೊತ್ತಾಗುತ್ತಾ?"

"ಏ, ಬುಡಿ ಅತ್ಲಾಗೆ. ಅಷ್ಟು ಜನ್ರೊಳಗೆ ನಿಮ್ ಅಣೆ ಯಾರು ನೋಡಾರು?"

ಒಂದು ವರ್ಷ ಮೇಷ್ಟ್ರು ಈ ಮಾತನ್ನೇ ನೆಚ್ಚಿಕೊಂಡಿದ್ದರು. ಆಮೇಲೆ ಚಿತ್ರ ಮದ್ದೂರಿನ ಟೆಂಟಿಗೆ ಬಂತು. ಮೊದಲೇ ನೋಡಿ ತಿಳಿದುಕೊಳ್ಳೋಣವೆಂದು ಮದ್ದೂರಿನ ತನಕ ಹೋದವರು, ಟಿಕೆಟ್ಟಿನ ಸಾಲಿನಲ್ಲಿ ತಮ್ಮ ಹೆಡ್‌ಮಾಸ್ಟರ ಭಾವಮೈದುನನನ್ನು ಕಂಡು, ಪೋಸ್ಟರು ಮಾತ್ರ ಓದಿಕೊಂಡು ವಾಪಸ್ಸಾದರು. ಪೋಸ್ಟರಿನಲ್ಲಿ ಋಷಿಗಳೇ ಇರಲಿಲ್ಲ. ಅದೊಂದು ಸಮಾಧಾನ. ಚಿತ್ರ ಮಳವಳ್ಳಿಗೆ ಬರುವವರೆಗೆ ಅದೂ ಉಳಿಯಿತು.

ಬಂದ ಮಾರನೆಯ ದಿನವೇ ಹೊನ್ನಯ್ಯ ಬಾಗಿಲಲ್ಲಿ ನಿಂತು, ಮೇಷ್ಟ್ರು ಕಣ್ಣುಸನ್ನೆ ಮಾಡುತ್ತಿದ್ದರೂ ಗಮನಿಸದೆ, ದೊಡ್ಡಮ್ಮನಿಗೆ ವರದಿ ಒಪ್ಪಿಸಿದ.

"ಅಮ್ಮೋರೆ, ನಿಮ್ ಮಗ ಸಿನಿಮಾದಾಗೆ ರುಷಿಗಳಂಗೆ ಕುಂತವ್ರೆ. ನೀವು ನೋಡ್ಲೇಬೇಕು."

ಜನ್ಮದಲ್ಲಿ ಸಿನಿಮಾ ನೋಡದ ದೊಡ್ಡಮ್ಮ ಮಾಲೆ ಕಟ್ಟುತ್ತಿದ್ದ ಕೈ ನಿಲ್ಲಿಸಿದರು. "ಹೌದೇನೋ ನರಸಿಂಹ? ನನಗೆ ಹೇಳ್ಲೇ ಇಲ್ಲ."

"ಹಿಂದುಗಡೆ ಎಲ್ಲೋ ಕೂತಿದ್ದೆ ದೊಡ್ಡಮ್ಮ. ಕಾಣೋದೇ ಇಲ್ಲ. ಅಲ್ಲಿ ಬೀಡಿ ಹೊಗೆ ಬೇರೆ. ನೆಲದ ಮೇಲೆ ಕೂರಬೇಕು, ಮಡಿ ಗಿಡಿ ಏನೂ ನಡೆಯಲ್ಲ."

"ಬಂದು ಸ್ನಾನ ಮಾಡಿದರಾಯ್ತು. ಎತ್ತಿ ಬೆಳೆಸಿದ ಮಗು ಋಷಿ ವೇಷ ಹಾಕಿದೆ ಅಂದ್ರೆ ನೋಡಬೇಡ್ವೇ? ಆಂಡಾಳ್, ನೀನೂ ಬಾ."

ಮೇಷ್ಟ್ರ ಹೆಂಡತಿ ಆಂಡಾಳ್ ಆಗಲೇ ಮಲ್ಲಿಗೆ ಮುಡಿದುಕೊಂಡು ತಯಾರಾಗಿದ್ದಳು. ಮೇಷ್ಟ್ರು ಹೊನ್ನಯ್ಯನನ್ನು ಬೀದಿಗೆ ಎಳೆದುಕೊಂಡು ಹೋದರು.

"ನೋಡು, ನೀನು ಪವರ್ ಹೌಸಿನವನು. ಇವತ್ತು ಸಂಜೆ ಒಂದು ಗಳಿಗೆ ಕರೆಂಟು ತೆಗೆಸೋಕಾಗುತ್ತಾ?"

"ಮೇಷ್ಟ್ರೇ, ನಾನಲ್ಲಿ ಮಿಸೀನಿಗೆ ಎಣ್ಣೆ ಬುಡೋನು. ಅಂಗೂ ಒಂದ್ ವೇಳೆ ಸ್ವಿಚ್ಚು ಆರ್ಸುದ್ರೆ ಕೋಲಾರದ ಚಿನ್ನದ ಗಣೀನೂ ಕತ್ಲಾಯ್ತದೆ. ನಿಮ್ ಅಣೆ ಸಲ್ವಾಗಿ ಅಷ್ಟು ಜನ ನೆಲದೊಳಗೆ ಸಿಕ್ಕಾಕ್ಕೊಳಾದಾ?"

ಮೊದಲನೆಯ ಆಟಕ್ಕೆ ಹೋದರು. ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ, ನಡುವೆ ಒಂದು ಮೋಟು ಗೋಡೆ. ಅದರಾಚೆ ದೊಡ್ಡಮ್ಮನ ಸೆರಗು ಹೊದ್ದ ತಲೆ ಮಾತ್ರ ಮೇಷ್ಟ್ರಿಗೆ ಕಾಣುತ್ತಿತ್ತು. ಟೈಟಲಿನಲ್ಲಿ ಅವರ ನಾಮಧೇಯ ಬರಲಿಲ್ಲ. ಕುದುರೆ ಒದಗಿಸಿದವರದೂ ಬಂತು. ಹೆಸರು ಬರದಿದ್ದರೂ ಚಿಂತೆಯಿಲ್ಲ, ಬರೀ ನಾಮ ಬರಲಿ ಎಂದು ಮೇಷ್ಟ್ರು ಪ್ರಾರ್ಥಿಸಿದರು. ವಿಭೂತಿ ಬಂದೇ ತೀರಬೇಕೆಂದಿದ್ದರೆ ಮೊದಲು ಅದು ಬಂದು, ಆಮೇಲೆ ನಾಮ ಬರಲಿ. ಒರೆಸಿಕೊಂಡೆ ಎಂದಾದರೂ ಹೇಳಬಹುದು.

ಆಶ್ರಮದ ಸೀನು ಬಂತು. ಮೊದಲು ಮೇಷ್ಟ್ರ ಮುಖ ಪರದೆಯ ಅರ್ಧ ತುಂಬುವಷ್ಟು ಹತ್ತಿರದಿಂದ, ಹಣೆಯ ಮೇಲೆ ನಾಮ. ಉಸಿರು ಬಿಡುವಷ್ಟರಲ್ಲಿ ಅದೇ ಶ್ಲೋಕದ ಎರಡನೆಯ ಪಾದಕ್ಕೆ ಮೂರೆಳೆ ವಿಭೂತಿ. ಮೂರನೆಯದಕ್ಕೆ ಮತ್ತೆ ನಾಮ. ನಾಲ್ಕನೆಯದಕ್ಕೆ ವಿಭೂತಿಯೊಂದಿಗೆ ಕೈ ಮುಗಿದು ಮೇಷ್ಟ್ರು ಮಂಗಳ ಹಾಡಿದರು. ಪುಣ್ಯಾತ್ಮರು ಬೆಳಗಿನದನ್ನೂ ಮಧ್ಯಾಹ್ನದ್ದನ್ನೂ ಕತ್ತರಿಸಿ ಜಡೆ ಹೆಣೆದಿದ್ದರು.

"ಲೇ, ಆ ರುಷಿ ಅಣೆ ನೋಡ್ಲಾ," ಮುಂದಿನಿಂದ ಯಾರೋ ಹೇಳಿದರು. "ಈಗ ಉದ್ದ ಇತ್ತು, ಆಗ್ಲೇ ಅಡ್ಡ ಆಗೋಯ್ತು."

"ಅದು ನಮ್ ಸಂಸ್ಕೃತದ ಮೇಷ್ಟ್ರು ಕಣ್ಲಾ."

"ಯಾವ್ ದೇವ್ರು ಮೊದ್ಲು ಬತ್ತಾನೋ ಅಂತ ಎಲ್ಡ್ಕೂ ರೆಡಿಯಾಗವ್ರೆ."

ಟೆಂಟಿಗೆ ಟೆಂಟೇ ನಕ್ಕಿತು. ಹೆಂಗಸರ ಕಡೆಯಿಂದಲೂ ನಗು ಕೇಳಿಸಿತು. ಗೋಡೆಯಾಚೆಯ ಆ ಒಂದು ತಲೆ ಮಾತ್ರ ಅಲುಗಲಿಲ್ಲ.

ಮನೆಗೆ ಬರುವಾಗ ದೊಡ್ಡಮ್ಮ ಎಲ್ಲರಿಗಿಂತ ಮುಂದೆ ನಡೆದರು. ದೊಡ್ಡಮ್ಮ ಸ್ನಾನ ಮಾಡಿ ಮಲಗಿಬಿಟ್ಟರು. ರಾತ್ರಿ ಊಟ ಮಾಡುವ ಪದ್ಧತಿ ಅವರಿಗೆ ಇರಲಿಲ್ಲ. ಆದ್ದರಿಂದ ಉಪವಾಸ ಸಿಟ್ಟಿನದೋ ದಿನನಿತ್ಯದ್ದೋ ತಿಳಿಯುವ ಹಾಗಿರಲಿಲ್ಲ. ಗೊತ್ತಾಗುವುದು ಬೆಳಿಗ್ಗೆ, ತೀರ್ಥದ ಹೊತ್ತಿಗೆ.

ಬೆಳಗಾಗುತ್ತಲೇ ದೊಡ್ಡಮ್ಮನ ಕೋಣೆಯಲ್ಲಿ ಟ್ರಂಕು ತೆಗೆದ ಸದ್ದಾಯಿತು. ಅಣ್ಣನ ಮನೆಯನ್ನು ಆಕೆ ಆಗಲೇ ಬಿಟ್ಟಾಗಿದೆ. ಇದನ್ನೂ ಬಿಟ್ಟರೆ ಈ ವಯಸ್ಸಿನಲ್ಲಿ ಹೋಗುವುದೆಲ್ಲಿಗೆ? ಬಸ್ಸಿನವನು ಟಿಕೆಟ್ ಎಲ್ಲಿಗೆ ಎಂದರೆ ಏನು ಹೇಳಿಯಾರು? ಮೇಷ್ಟ್ರು ಸ್ನಾನ ಮಾಡಿದರು. ಕನ್ನಡಿಯಲ್ಲಿ ತಮ್ಮ ಹಣೆಯನ್ನು ನೋಡಿಕೊಳ್ಳುವ ಧೈರ್ಯ ಬರಲಿಲ್ಲ. ಅಂದಾಜಿನ ಮೇಲೆ ನಾಮ ಇಟ್ಟುಕೊಂಡು ಪೂಜೆಗೆ ಕೂತರು. ಮಂಗಳಾರತಿಯಾಯಿತು. ತೀರ್ಥದ ಬಟ್ಟಲು ಹಿಡಿದು, ಹಿತ್ತಲ ಬಾಗಿಲನ್ನೇ ನೋಡುತ್ತ ನಿಂತರು.

ದೊಡ್ಡಮ್ಮ ಟ್ರಂಕಿನಿಂದ ತೆಗೆದ ಬೇರೆ ಸೀರೆಯುಟ್ಟು ದೇವರ ಮನೆಗೇ ಬಂದರು. ಮೇಷ್ಟ್ರ ಮುಖ ನೋಡಿ, ಚೊಂಬಿನ ನೀರಿನಲ್ಲಿ ಸೆರಗಿನ ತುದಿ ಅದ್ದಿದರು.

"ಬಗ್ಗು."

ಮೇಷ್ಟ್ರು ಬಗ್ಗಿದರು.

"ಅಷ್ಟು ಜನರ ಮುಂದೆ ನಾಮ ಸೊಟ್ಟಗೆ ಇಟ್ಕೊಂಡು ಕೂತಿದ್ದೀಯಲ್ಲೋ. ನೋಡಿದವರು ಏನಂದ್ಕೊಂಡಾರು, ಸಾಕಿದವಳು ಇಷ್ಟೂ ಕಲಿಸ್ಲಿಲ್ಲ ಅಂತ."

"ದೊಡ್ಡಮ್ಮ, ಆ ವಿಭೂತಿ..."

"ಕಣ್ಣಿದೆ ನನಗೆ, ಕಂಡೆ. ಗೆರೆ ಎಳೆದ ಹಾಗೆ ನೆಟ್ಟಗಿತ್ತು. ಅಷ್ಟು ನೆಟ್ಟಗೆ ಇಡೋಕೆ ನಿನಗೆಲ್ಲಿ ಬರುತ್ತೆ? ಅದು ಯಾರೋ ಬಳಿದದ್ದು. ಸೊಟ್ಟಗಿತ್ತಲ್ಲ, ಅದು ನೀನು ಇಟ್ಟದ್ದು." ನಾಮವನ್ನು ಮೂಗಿನ ನೇರಕ್ಕೆ ತಂದು, ಸೆರಗು ಹಿಂಡಿಕೊಂಡು, ಅವರು ಬಲಗೈ ಒಡ್ಡಿದರು. "ಕೊಡು. ಬಟ್ಟಲು ನೆಟ್ಟಗೆ ಹಿಡಿ, ತೀರ್ಥ ಚೆಲ್ಲುತ್ತೆ."